ಸೋಮವಾರದಿಂದ ಯಾರ ಆಳು

ಗುಂಡ್ಲುಪೇಟೆಯಲ್ಲಿ ರಂಜಿನಿಯನ್ನು ನಿಲ್ಲಿಸಿ “ನಿನ್ನ ಕೆಲಸ ಪರ್ಮನೆಂಟಾ?” ಎಂದು ಕೇಳದವರಿಲ್ಲ. ಗಂಡು ತೋರಿಸಲು ಬಂದವರು ಕೇಳಿದ್ದಾರೆ, ಬ್ಯಾಂಕಿನವರು ಕೇಳಿದ್ದಾರೆ, ಹೂವಿನ ಮಂಡಿಯ ಪಕ್ಕ ಟೀ ಮಾರುವವನೂ ಬಿಟ್ಟಿಲ್ಲ. ಅವಳಿಗೆ ಉತ್ತರ ಗೊತ್ತಿದ್ದರೆ ತಾನೇ ಹೇಳುವುದು! ಮನೆಯ ಮುಂದಿನ ಕೋಣೆಯಲ್ಲಿ ಕೂತು, ಎಲ್ಲಿಯದೋ ಒಂದು ಕಂಪನಿಯ ಸಾಫ್ಟ್‌ವೇರ್ ಎಲ್ಲಿ ಕೆಟ್ಟಿದೆ ಎಂದು ಹುಡುಕಿಕೊಡುವುದು ಅವಳ ಕೆಲಸ. ಆ ಕಂಪನಿಗೂ ಅವಳಿಗೂ ನೇರ ಸಂಬಂಧವಿಲ್ಲ, ನಡುವೆ ಮೈಸೂರಿನದೊಂದು ಏಜೆನ್ಸಿ. ಆರು ತಿಂಗಳಿಗೊಮ್ಮೆ ಏಜೆನ್ಸಿಯವರು ಹೊಸ ಒಪ್ಪಂದ ಕಳಿಸಬೇಕು. ಅದು ಹೇಳಿದ ದಿನಕ್ಕೆ ಬಂದ ಇತಿಹಾಸವೇ ಇಲ್ಲ. ಹಳೆಯದು ಮುಗಿದಿರುತ್ತದೆ, ಹೊಸದು ಬಂದಿರುವುದಿಲ್ಲ, ಇವಳು ಮಾತ್ರ ಎಂದಿನಂತೆ ಬೆಳಿಗ್ಗೆ ಲಾಗಿನ್ ಆಗಿ ಕೂತಿರುತ್ತಾಳೆ. ಎಷ್ಟೋ ವಾರಗಳಾದ ಮೇಲೆ ಹಿಂದಿನ ತಾರೀಖು ಹೊತ್ತ ಕಾಗದ ಬರುತ್ತದೆ. ಏಳು ವರ್ಷ ಹೀಗೇ ಉರುಳಿತ್ತು.

ಈ ಸಲ ಮಾರ್ಚ್ ಕೊನೆಯ ಭಾನುವಾರ ಒಪ್ಪಂದ ಮುಗಿಯುವುದಿತ್ತು. ಏಜೆನ್ಸಿಯ ಚಂದ್ರಕುಮಾರನಿಗೆ ಫೋನು ಮಾಡಿದರೆ ಅದೇ ಹಳೇ ರಾಗ. “ಕ್ಲೈಂಟ್ ಕಡೆಯಿಂದ ಅಪ್ರೂವಲ್ ಬರಬೇಕು ಮೇಡಂ. ನೀವು ಕಂಟಿನ್ಯೂ ಮಾಡ್ತಿರಿ. ನೀವು ನಮ್ಮವರೇ ಅಲ್ವಾ?”

ಆ ‘ನಮ್ಮವರು’ ಎಂಬ ಮಾತಿಗೆ ರಂಜಿನಿ ಪ್ರತಿ ಸಲವೂ ಕರಗುತ್ತಿದ್ದಳು. ಈ ಸಲ ಕರಗುವುದಕ್ಕೂ ಬಿಡುವಿರಲಿಲ್ಲ. ಚಾಮರಾಜನಗರದ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳಲು ಬೇರೊಂದು ಏಜೆನ್ಸಿ ಅವಳನ್ನು ಆರಿಸಿತ್ತು. ಅದೂ ಗುತ್ತಿಗೆಯೇ, ಆದರೆ ಎರಡು ವರ್ಷದ್ದು. ಮುಂದಿನ ಬುಧವಾರ ಕೆಲಸ ಶುರು, ಈ ಶನಿವಾರದೊಳಗೆ ಫೋನಿನಲ್ಲೇ ಒಪ್ಪಿಗೆಯ ಬಟನ್ ಒತ್ತಬೇಕು. ಒತ್ತಿದ ಮೇಲೆ ಮೈಸೂರಿನವರ ಕಾಗದ ಬಂದರೆ ಏಳು ವರ್ಷದ ನಂಟಿಗೆ ಮೋಸ ಮಾಡಿದಂತೆ. ಒತ್ತದೆ ಕೂತು ಇವರೂ ಕೈಯೆತ್ತಿದರೆ ಎರಡೂ ಹೋಯಿತು. ಅಪ್ಪ ಅಮ್ಮನ ಊಟ, ಔಷಧಿ ಎಲ್ಲ ನಡೆಯುವುದು ಇವಳ ದುಡಿಮೆಯಲ್ಲೇ. ಯೋಚಿಸಿ ಯೋಚಿಸಿ ಅವಳ ತಲೆ ಗೊಜ್ಜಾಯಿತು.

ಸಾಲದ್ದಕ್ಕೆ ಗುರುವಾರ ಕೊರಿಯರ್‌ನಲ್ಲಿ ಒಂದು ಡಬ್ಬಿ ಬಂತು. ಮೇಲೆ ಸ್ವಾಗತ ಎಂದು ಬರೆದಿತ್ತು. ಹೊಸ ಏಜೆನ್ಸಿಯವರು ಇವಳು ಒಪ್ಪುವ ಮೊದಲೇ ಮೈಸೂರು ಪಾಕು ಕಳಿಸಿದ್ದರು. ಅಮ್ಮ ಮಲ್ಲಮ್ಮ ಅಕ್ಕಪಕ್ಕದವರಿಗೆ ಹಂಚೋಣವೆಂದು ಕತ್ತರಿ ತಂದಳು. ಅಪ್ಪ ಮಹದೇವಪ್ಪ ಡಬ್ಬಿಯನ್ನು ಕಿತ್ತುಕೊಂಡು ಟಿವಿಯ ಮೇಲಿಟ್ಟ.

“ಯಾರೂ ಮುಟ್ಬ್ಯಾಡಿ. ತಿಂದ್ರ ಅವ್ರ ಆಳಾಯ್ತೀರಿ.”

“ಅಪ್ಪ, ಇದು ಎಲ್ರುಗೂ ಕಳುಸ್ತಾರೆ ಕಣಪ್ಪ,” ಎಂದಳು ರಂಜಿನಿ.

“ನಂಗೂ ಎಲ್ರು ಜೊತ್ಗೇ ಇಕ್ಕಿದ್ದು ಕಣಮ್ಮಿ.”

ಆ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ವಯಸ್ಸಿನಲ್ಲಿ ಮಹದೇವಪ್ಪ ಬೇಗೂರಿನ ಒಂದು ದೊಡ್ಡ ಮನೆಯಲ್ಲಿ ವರ್ಷದಾಳಾಗಿದ್ದ. ಯುಗಾದಿಯಿಂದ ಯುಗಾದಿಗೆ ಕರಾರು. ಬರವಣಿಗೆ ಗಿರವಣಿಗೆ ಏನೂ ಇಲ್ಲ. ಹಬ್ಬದ ದಿನ ಯಜಮಾನರ ಜಗಲಿಯಲ್ಲಿ ಕೂತು ಒಬ್ಬಟ್ಟು ಉಂಡರೆ ಇನ್ನೊಂದು ವರ್ಷ ಇದ್ದಂತೆ, ಉಣ್ಣದೆ ಎದ್ದು ಬಂದರೆ ಬಿಟ್ಟಂತೆ. ಮದುವೆಯಾದ ವರ್ಷ ಅವನು ಬಿಡಲೇಬೇಕೆಂದು ತೀರ್ಮಾನಿಸಿದ್ದ. ಗುಂಡ್ಲುಪೇಟೆಯಲ್ಲಿ ಮನೆ ನೋಡಿ ಆಗಿತ್ತು, ಮಲ್ಲಮ್ಮ ತವರಿನಲ್ಲಿ ಗಂಟು ಕಟ್ಟಿ ಕೂತಿದ್ದಳು. ಹಬ್ಬದ ದಿನ ಹೇಳಿ ಬರೋಣವೆಂದು ಹೋದವನಿಗೆ ಎಲೆ ಹಾಕಿದರು. ಹಸಿವಾಗಿತ್ತು, ತುಪ್ಪದ ವಾಸನೆ ಬೇರೆ, ಉಂಡುಬಿಟ್ಟ. ಯಾರೂ ಇರು ಎನ್ನಲಿಲ್ಲ, ಇವನು ಇರುತ್ತೇನೆ ಎನ್ನಲಿಲ್ಲ, ಇನ್ನೊಂದು ವರ್ಷ ಹೋಯಿತು. ಇದನ್ನು ಅವನು ಯಾವಾಗಲೂ ನಗುತ್ತಲೇ ಹೇಳುತ್ತಿದ್ದ. ಅಂದು ನಗಲಿಲ್ಲ.

ಹೀಗೆ ಡಬ್ಬಿ ಟಿವಿಯ ಮೇಲೆ ಕೂತಿತು. ಮಲ್ಲಮ್ಮ ಇರುವೆ ಹತ್ತದಿರಲೆಂದು ಸುತ್ತ ಅರಿಶಿನ ಉದುರಿಸಿದಳು. ಈಗ ಅದು ನೋಡಲು ಪೂಜೆಗಿಟ್ಟ ಹಾಗೆ ಕಾಣತೊಡಗಿತು.

ಶನಿವಾರ ರಂಜಿನಿ ಹೊಸ ಏಜೆನ್ಸಿಯ ಹರ್ಷಿತಾಗೆ ಫೋನು ಮಾಡಿ ಸ್ವಲ್ಪ ಸಮಯ ಕೇಳಿದಳು.

“ಈಗ ನಿಮಗೆ ಒಪ್ಪಂದ ಇದೆಯೋ ಇಲ್ವೋ?” ಎಂದಳು ಆಕೆ.

“ಭಾನುವಾರದವರೆಗೆ ಇದೆ. ಸೋಮವಾರ… ಇರಬಹುದು.”

“ಇರಬಹುದು ಅಂದ್ರೆ?”

ಅಂದರೆ ಏನೆಂದು ರಂಜಿನಿಗೂ ಗೊತ್ತಿರಲಿಲ್ಲ. ಹರ್ಷಿತಾ ಕನಿಕರಪಟ್ಟು ಸೋಮವಾರ ಮಧ್ಯಾಹ್ನದವರೆಗೆ ಗಡುವು ಕೊಟ್ಟಳು. ಚಂದ್ರಕುಮಾರ ಅವತ್ತೆಲ್ಲ ಫೋನು ಎತ್ತಲಿಲ್ಲ. ಭಾನುವಾರ “ಡೋಂಟ್ ವರಿ” ಎಂದೊಂದು ಮೆಸೇಜು ಹಾಕಿ ಮಾಯವಾದ. ಅದನ್ನು ಓದಿ ಒಂದು ಸಲ ಧೈರ್ಯ ಬಂತು, ಇನ್ನೊಂದು ಸಲ ಓದಿದಾಗ ಇದ್ದ ಧೈರ್ಯವೂ ಹೋಯಿತು.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಕಾಫಿ ಲೋಟ ಹಿಡಿದು ಎಂದಿನಂತೆ ಮೇಜಿನ ಮುಂದೆ ಕೂತಳು. ಕೈ ತಾನಾಗಿ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಹೋಯಿತು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಅವಳ ಕೈಯನ್ನೇ ನೋಡುತ್ತಿದ್ದ. ಆಗ ಅವಳಿಗೆ ಹೊಳೆಯಿತು, ಟಿವಿಯ ಮೇಲಿನ ಡಬ್ಬಿಗೆ ಹೆದರಿ ನಾಲ್ಕು ದಿನ ದೂರ ಕೂತವಳು ಈ ಮುಚ್ಚಳವನ್ನು ಏಳು ವರ್ಷದಿಂದ ಯೋಚಿಸದೆ ತೆರೆಯುತ್ತಾ ಬಂದಿದ್ದೇನೆ ಎಂದು. ಅವಳು ಕೈ ಹಿಂದಕ್ಕೆ ತೆಗೆದಳು. ಮಾಡುತ್ತಿರುವುದು ಸರಿಯೋ ತಪ್ಪೋ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಚಂದ್ರಕುಮಾರನೇ ಫೋನು ಮಾಡಿದ. “ಏನ್ ಮೇಡಂ, ಇನ್ನೂ ಲಾಗಿನ್ ಆಗಿಲ್ಲ?”

“ಒಪ್ಪಂದ ಬಂದಿಲ್ಲವಲ್ಲ ಸರ್.”

“ಬರುತ್ತೆ ಬಿಡಿ. ಮೊದಲು ಲಾಗಿನ್ ಆಗಿ. ಯಾವಾಗಲೂ ಹಾಗೇ ತಾನೇ?”

“ಹೌದು ಸರ್, ಯಾವಾಗಲೂ ಹಾಗೇ. ಇವತ್ತು ಕಾಗದ ಬಂದ ಮೇಲೆ ಆಗ್ತೀನಿ.”

ಅವನ ದನಿ ಇಳಿಯಿತು. “ನೋಡಿ ಮೇಡಂ, ಕ್ಲೈಂಟ್ ಶುಕ್ರವಾರವೇ ಬೇಡ ಅಂದುಬಿಟ್ರು. ಇನ್ನೊಂದು ವಾರ ಕೂತು ಬೇರೆಯವರಿಗೆ ಕೆಲಸ ವಹಿಸಿಕೊಟ್ಟರೆ… ಆಮೇಲೆ ಹೇಳೋಣ ಅಂತಿದ್ದೆ.”

“ಯಾವ ಒಪ್ಪಂದದ ಮೇಲೆ ಕೂರಲಿ ಸರ್?”

ಅವನು “ನೀವು ನಮ್ಮವರು ಅಂತ…” ಎಂದು ಶುರು ಮಾಡಿದ. ರಂಜಿನಿ ಫೋನು ಇಟ್ಟಳು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು. ಕಣ್ಣಲ್ಲಿ ನೀರು ಬಂತು.

ಮಹದೇವಪ್ಪ ಪಕ್ಕದಲ್ಲಿ ಬಂದು ಕೂತ. ಹೆಗಲ ಮೇಲಿನ ಟವೆಲನ್ನು ಮಗಳ ಕೈಗೆ ಕೊಟ್ಟ. “ನಾನೂ ಅವತ್ತು ಇಂಗೇ ಎದ್ದು ಬಂದ್ಬುಡ್ಬೇಕಾಗಿತ್ತು ಕಣಮ್ಮಿ. ನಿಮ್ಮವ್ವ ವರ್ಷೆಲ್ಲ ಕಾದ್ಲು.”

ರಂಜಿನಿ ಮುಖ ಒರೆಸಿಕೊಂಡು ಎದ್ದಳು. ಟಿವಿಯ ಮೇಲಿನಿಂದ ಡಬ್ಬಿ ಇಳಿಸಿ, ಅರಿಶಿನ ಕೊಡವಿ, ಟೇಪು ಕಿತ್ತು, ಒಂದು ತುಂಡು ಬಾಯಿಗೆ ಹಾಕಿಕೊಂಡಳು.

“ಯೋಚ್ನೆ ಮಾಡಿ ತಿಂದ್ಯಾ?” ಎಂದ ಮಹದೇವಪ್ಪ.

“ಮಾಡೇ ತಿಂದೆ ಕಣಪ್ಪ.”

“ಅಂಗಾದ್ರ ನಂಗೂ ಒಂಚೂರು ಕೊಡು.”

ಅವನಿಗೊಂದು ತುಂಡು ಕೊಟ್ಟಳು, ಒಳಗಿನಿಂದ ಓಡಿಬಂದ ಮಲ್ಲಮ್ಮನಿಗೆ ಎರಡು. ಆಮೇಲೆ ಫೋನು ತೆಗೆದು, ಗಡುವಿಗೆ ಇನ್ನೂ ಹೊತ್ತಿರುವಾಗಲೇ ಒಪ್ಪಿಗೆ ಒತ್ತಿದಳು. ಎಷ್ಟೋ ದಿನದ ಮೇಲೆ ಮೈ ಹಗುರವಾಯಿತು. ಬುಧವಾರಕ್ಕೆ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬೆಳಗಿನ ಬಸ್ಸು ಹಿಡಿಯಬೇಕು, ಯಾವ ಸೀರೆ ಉಡಲಿ ಎಂದೂ ಯೋಚಿಸಿದಳು.

ಫೋನು ಟಿಣ್ ಎಂದಿತು. ಹೊಸ ಏಜೆನ್ಸಿಯ ಉತ್ತರ. ಅಭಿನಂದನೆ ಇತ್ತು, ಕೆಳಗೆ ಇನ್ನೊಂದು ಸಾಲು. ರಂಜಿನಿ ಅದನ್ನು ಎರಡೆರಡು ಸಲ ಓದಿದಳು.

“ಏನಂತಮ್ಮಿ?” ಎಂದ ಅಪ್ಪ.

“ಬುಧವಾರ ಬರ್ಬ್ಯಾಡಿ ಅಂತವ್ರ. ಯಾವತ್ತು ಬರ್ಬೇಕು ಅಂತ ಆಮೇಲೆ ತಿಳುಸ್ತಾರಂತೆ. ಕ್ಲೈಂಟ್ ಕಡೆಯಿಂದ ಅಪ್ರೂವಲ್ ಬರ್ಬೇಕಂತೆ.”

ಮಹದೇವಪ್ಪ ಅಗಿಯುವುದನ್ನು ನಿಲ್ಲಿಸಿದ. ಬಾಯಲ್ಲಿದ್ದ ಮೈಸೂರು ಪಾಕನ್ನು ನುಂಗುವುದೋ ಉಗುಳುವುದೋ ತಿಳಿಯದೆ ಮಗಳ ಮುಖವನ್ನೇ ನೋಡುತ್ತಾ ಕೂತ.