ದೋಣಿಯ ಪಾಲು

ಧರ್ಮಕ್ಕೆ ಕೊಡಿ ಎಂದು ಕೇಳುವವರು ಕಾರಿನಲ್ಲಿ ಬಂದರೆ ನಾನು ಮೊದಲು ನೋಡುವುದು ಕಾರನ್ನು. ಆ ದಿನ ಕುಂದಾಪುರದ ಟ್ರಸ್ಟಿನಿಂದ ಬಂದವರ ಕಾರು ಲಕಲಕ ಹೊಳೆಯುವ ಬಿಳಿ. ಚಕ್ರಕ್ಕೆ ಮಾತ್ರ ನಮ್ಮ ನಾವುಂದದ ಕಡಲ ಬದಿಯ ಹೊಯ್ಗೆ ಮೆತ್ತಿತ್ತು. ಅಂದರೆ ಮನೆಗೆ ಬರುವ ಮೊದಲೇ ಅವರು ದೋಣಿ ನೋಡಿ ಬಂದಿದ್ದರು. ಅಲ್ಲಿಗೇ ನನ್ನ ಕಿವಿ ನೆಟ್ಟಗಾಯಿತು.

ದೋಣಿ ನಮ್ಮ ಮನೆಯವರದು. ಮೂರು ಆಳಿನ ಸಣ್ಣ ಮರದ ದೋಣಿ, ಕಡಲ ಅಂಚಿಗೂ ಸೈ, ಹೊಳೆಗೂ ಸೈ. ಅವರು ತೀರಿಕೊಂಡ ಮೇಲೆ ಗಾಳಿಮರದ ಅಡಿಯಲ್ಲಿ ತೆಂಗಿನ ಮಡಲು ಹೊದ್ದು ಬಿದ್ದಿತ್ತು. ಮಳೆಗಾಲಕ್ಕೆ ಮುಂಚೆ ಮರ ಕೆಡದಿರಲಿ ಎಂದು ನಾನೇ ಗೇರೆಣ್ಣೆ ಬಳಿಯುತ್ತಿದ್ದೆ. ಬಳಿದರೇನು, ನೀರು ಕಾಣದ ದೋಣಿ ಒಳಗಿಂದ ಒಣಗುತ್ತದೆ. ಮಾರಲು ಮನಸ್ಸು ಬರಲಿಲ್ಲ. ಕೊನೆಗೆ ಬ್ರಹ್ಮಾವರಕ್ಕೆ ಕೊಟ್ಟ ಮಗಳು, "ಅಮ್ಮ, ಒರಲೆ ತಿಂದ್ ಹೋಪುದಕ್ಕಿಂತ ಯಾರಿಗಾರೂ ಧರ್ಮಕ್ಕೆ ಕೊಡ್" ಎಂದು ಟ್ರಸ್ಟಿನವರಿಗೆ ಫೋನು ಮಾಡಿಬಿಟ್ಟಳು.

ಕೊಡಲು ನನ್ನದೇನೂ ತಕರಾರಿರಲಿಲ್ಲ. ನನ್ನ ಹೆದರಿಕೆ ಬೇರೆ ಇತ್ತು. ಹಿಂದಿನ ವರ್ಷ ಬ್ರಹ್ಮಾವರದ ಹತ್ತಿರ ಒಂದು ಹಾಲ್‌ನಲ್ಲಿ ಮದುವೆ. ಹೋಗಿ ನೋಡುತ್ತೇನೆ, ನಮ್ಮದರಂಥದೇ ದೋಣಿಯೊಂದನ್ನು ನಡುವಿಗೆ ಕೊಯ್ದು, ಬಣ್ಣ ಬಳಿದು, ಲೈಟಿನ ಸರ ಸುತ್ತಿ, ಹೊಟ್ಟೆಯೊಳಗೆ ಗೋಬಿ ಮಂಚೂರಿ ತುಂಬಿಸಿ ಇಟ್ಟಿದ್ದಾರೆ! ಹುಟ್ಟು ಹಾಕುವವನು ಕೂರುವ ಜಾಗದಲ್ಲಿ ಸಾಸಿನ ಬಾಟಲಿ. ಜನ ಪ್ಲೇಟು ಹಿಡಿದು ಸಾಲು ನಿಂತಿದ್ದರು. ನಾನು ಊಟ ಮಾಡದೆ ಮನೆಗೆ ಬಂದೆ. ನಮ್ಮ ದೋಣಿಗೆ ಈ ಗತಿ ಬರಬಾರದು, ಅದು ನೀರಿನಲ್ಲೇ ಇರಬೇಕು, ನನಗೆ ಬೇಕಾದದ್ದು ಅಷ್ಟೇ.

"ನಿಮ್ಗ್ ಎಂತಕ್ಕೆ ದೋಣಿ?" ಎಂದು ಟ್ರಸ್ಟಿನವರನ್ನು ಕೇಳಿದೆ.

"ನಮ್ಗಲ್ಲ ಅಮ್ಮ. ಹೆಮ್ಮಾಡಿ ಬದಿಯಂಗೆ ಒಬ್ರ್ ಮೀನ್ ಹಿಡಿವವ್ರ್ ಇದ್ರ್. ನೆರೆ ಬಂದ್ ಅವ್ರ್ ದೋಣಿ ಕೊಚ್ಕಂಡ್ ಹೋಯ್ತ್."

"ಅವ್ರೇ ಎಂತಕ್ ಬರ್ಲಿಲ್ಲೆ?"

"ಕೇಂಬುಕೆ ನಾಚ್ಕಿ ಅಂಬ್ರ್."

ನಾಚಿಕೆಯವರ ಪರವಾಗಿ ಕೇಳಲು ಬರುವವರ ಅಂಗಿಗೆ ಯಾವಾಗಲೂ ಇಸ್ತ್ರಿ ಇರುತ್ತದೆ, ನಾನು ನೋಡಿದ್ದೇನೆ. ಆದರೂ ಬಾಯಿಬಿಟ್ಟು ಹೇಳಿದೆ: "ಕೊಯ್ಯುಕಾಗ. ಮಾರುಕಾಗ. ನೀರಂಗೇ ಇರ್ಕ್."

"ಹಾಂಗೇ ಆಯ್ಲಿ ಅಮ್ಮ" ಎಂದರು. ಒಂದು ಮಾತು ಚರ್ಚೆ ಇಲ್ಲದೆ ಒಪ್ಪಿಕೊಂಡದ್ದು ನನ್ನ ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು. ನನ್ನನ್ನು ದೋಣಿಯ ಪಕ್ಕ ನಿಲ್ಲಿಸಿ ಪಟ ತೆಗೆದರು. "ಚೂರ್ ನೆಗಿ ಮಾಡಿ ಅಮ್ಮ" ಎಂದರು. ನಾನು ಮಾಡಲಿಲ್ಲ.

ಲಾರಿ ಬಂತು. ದೋಣಿಯನ್ನು ಹೇರಿ ಹಗ್ಗ ಬಿಗಿಯುವಾಗ ನಾನು ಹತ್ತಿರವೇ ನಿಂತಿದ್ದೆ. ಹೆದ್ದಾರಿಯವರೆಗೂ ಹಿಂದೆ ನಡೆದೆ. ಲಾರಿ ಕುಂದಾಪುರದ ಕಡೆಗೆ ತಿರುಗಿತು. ತಿರುಗಿದರೆ ಏನು ಗೊತ್ತಾದ ಹಾಗಾಯಿತು? ಹೆಮ್ಮಾಡಿಗೂ ಅದೇ ದಾರಿ, ಮಂಚೂರಿಯ ಹಾಲ್‌ಗೂ ಅದೇ ದಾರಿ.

ಆ ಹಾಲ್‌ಗೆ ಒಮ್ಮೆ ಹೋಗಿ ನೋಡಿ ಬಾ ಎಂದು ಮಗಳಿಗೆ ಹೇಳಿದೆ. "ನಿಂಗೆ ಮರ್ಲಾ ಅಮ್ಮ?" ಎಂದು ನನ್ನ ಹುಚ್ಚಿಗೆ ನಕ್ಕಳು. ಟ್ರಸ್ಟಿನವರು ಅವಳ ಫೋನಿಗೆ ಪಟ ಕಳಿಸಿದ್ದರಂತೆ, ಮುಂದಿನ ಸಲ ಬಂದಾಗ ತೋರಿಸಿದಳು. ದೋಣಿಗೆ ನೀಲಿ ಬಣ್ಣ ಬಳಿದಿದ್ದರು. ಅಡಿಯಲ್ಲಿ ನೀರೂ ಕಾಣುತ್ತಿತ್ತು. "ಈಗಾರೂ ನಂಬ್ತ್ಯಾ?" ಎಂದಳು. ದೋಣಿಯನ್ನು ಅಲಂಕಾರಕ್ಕೆ ಇಡುವ ರೆಸಾರ್ಟಿನವರ ಹತ್ತಿರವೂ ನೀರಿರುತ್ತದೆ ಎಂದೆ. ಮಗಳು ಮತ್ತೆ ಆ ಸುದ್ದಿ ಎತ್ತಲಿಲ್ಲ.

ನಮ್ಮಲ್ಲಿ ಹಿಡಿದ ಮೀನನ್ನು ಹಂಚುವಾಗ ಹೋದ ಆಳಿಗೆಲ್ಲ ಒಂದೊಂದು ಪಾಲು, ದೋಣಿಗೂ ಒಂದು ಪಾಲು. ಅದೂ ದುಡಿಯುತ್ತದಲ್ಲ. ನಮ್ಮ ಮನೆಯವರು ಹಾಸಿಗೆ ಹಿಡಿದ ಮೇಲೆ ಅವರ ಜೊತೆಯವರು ದೋಣಿ ತೆಗೆದುಕೊಂಡು ಹೋಗಿ, ಬಂದವರೇ ದೋಣಿಯ ಪಾಲನ್ನು ಮನೆಗೆ ಮುಟ್ಟಿಸುತ್ತಿದ್ದರು. ನಾನು ಬುಟ್ಟಿಯನ್ನು ಮಂಚದ ಹತ್ತಿರ ಹಿಡಿಯುತ್ತಿದ್ದೆ. ಅವರು ಏಳಲಾಗದೆ, ಕೈ ಮಾತ್ರ ಚಾಚಿ ಮೀನು ಮುಟ್ಟಿ, "ನಾ ಮನಿಕಂಡಿರೂ ನನ್ ದೋಣಿ ದುಡಿತಾ ಇತ್ತ್ ಕಾಣ್" ಎನ್ನುತ್ತಿದ್ದರು. ದೋಣಿ ಈಗಲೂ ದುಡಿಯುತ್ತಿದೆ ಎನ್ನುವಾಗ ಅವರ ಮುಖದಲ್ಲೊಂದು ಗತ್ತು ಬರುತ್ತಿತ್ತು. ಅವರು ಹೋದ ಮೇಲೆ ಜೊತೆಯವರು ದೊಡ್ಡ ಬೋಟುಗಳನ್ನು ಸೇರಿಕೊಂಡರು. ಪಾಲು ಬರುವುದು ನಿಂತಿತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಯಾರೋ ಕೂಗಿದರು. "ಹ್ವಾಯ್, ಮನೆಯಂಗ್ ಯಾರಿದ್ರಿ?"

ನಡುವಯಸ್ಸಿನ ಸಪುರ ಮೈಕಟ್ಟಿನ ಮನುಷ್ಯ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ನಾನು ಗೇಟಿನ ಸರಪಳಿ ತೆಗೆಯಲಿಲ್ಲ. "ಎಂತ ಬೇಕ್?"

"ಎಂತದೂ ಬ್ಯಾಡ. ಹೆಮ್ಮಾಡಿಯಿಂದ ಬಂದದ್ದ್. ದೋಣಿ ಪಾಲ್ ಕೊಟ್ಟ್ ಹೋಪುಕೆ."

ನಾನು ಅವನ ಹಿಂದೆ ರಸ್ತೆ ನೋಡಿದೆ. ಬಿಳಿ ಕಾರು ಎಲ್ಲಾದರೂ ನಿಂತಿದೆಯೋ, ಪಟ ತೆಗೆಯುವವರು ಅಡಗಿದ್ದಾರೋ ಎಂದು. ಯಾರೂ ಇರಲಿಲ್ಲ. ಚೀಲವನ್ನು ಗೇಟಿನ ಮೇಲಿಂದಲೇ ತೆಗೆದುಕೊಂಡು ಬಿಚ್ಚಿದೆ. ಬೆರಳುದ್ದದ ಹೊಳೆಮೀನು, ಒಂದಿಷ್ಟು ಸಿಗಡಿ, ಕಾಲು ಮುರಿದ ಒಂದು ಏಡಿ. ಪೇಟೆಯಲ್ಲಿ ಬೆಕ್ಕಿಗೆ ಇರಲಿ ಎಂದು ಪುಕ್ಕಟೆ ಹಾಕುವಂಥದ್ದು. ಅಭ್ಯಾಸಬಲದಿಂದ ಒಂದರ ಕಿವಿರು ಎತ್ತಿದೆ, ಕೆಂಪಗಿತ್ತು, ಆಗಷ್ಟೇ ಹಿಡಿದದ್ದು.

ನನ್ನನ್ನು ಮಂಗ ಮಾಡಲು ಬಂದವನಾದರೆ ಕುಂದಾಪುರದ ಮಾರ್ಕೆಟಿನಿಂದ ಒಳ್ಳೆಯ ಬಂಗುಡೆ ತರುತ್ತಿದ್ದ. ಇಂಥ ಚಿಲ್ಲರೆ ಮೀನನ್ನು ದುಡ್ಡು ಕೊಟ್ಟು ಯಾರೂ ಕೊಳ್ಳುವುದಿಲ್ಲ. ಇದು ಬಲೆಯಿಂದಲೇ ಬಂದದ್ದು. ಬಲೆ ದೋಣಿಯಿಂದ ಬಿಟ್ಟದ್ದು. ದೋಣಿ ನೀರಿನಲ್ಲಿತ್ತು.

ಆದರೂ ಬಾಯಿ ಸುಮ್ಮನಿರಲಿಲ್ಲ. "ಇಷ್ಟ್ ದಿನ ಎಲ್ಲಿಗ್ ಹೋಯಿದ್ರಿ?"

"ಶುರುವಿಗೆ ಮೀನೇ ಬೀಳ್ಲಿಲ್ಲೆ ಅಮ್ಮ. ಬರಿ ಕೈಯಂಗ್ ಹ್ಯಾಂಗ್ ಬಪ್ಪುದ್?"

"ಧರ್ಮಕ್ಕೆ ಕೊಟ್ಟದ್ದಲ್ದಾ ನಾನ್? ನಂಗೆಂತಕ್ಕೆ ಪಾಲ್?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನೀವ್ ಧರ್ಮಕ್ಕೆ ಕೊಟ್ರಿ, ಸೈ. ಆರೆ ದುಡದ್ದ್ ದೋಣಿ. ಅದ್ರ್ ಪಾಲ್ ಅದ್ರ್ ಮನೆಗೇ ಬರ್ಕಲ್ದಾ?"

ನಾನು ಸರಪಳಿ ತೆಗೆದು, ಜಗಲಿಯಲ್ಲಿ ಕೂತುಕೊಳ್ಳಿ, ಚಾ ಮಾಡುತ್ತೇನೆ ಎಂದು ಒಳಗೆ ಹೋದೆ. ಮೀನನ್ನು ಬುಟ್ಟಿಗೆ ಸುರಿದೆ. ಅಡುಗೆ ಮನೆಗೆ ಹೋಗಬೇಕಾದ ಕಾಲು ನಡುಕೋಣೆಗೆ ಹೋಯಿತು. ಮಂಚದ ಮೇಲೆ ಮಡಚಿಟ್ಟ ಹಾಸಿಗೆ ಬಿಟ್ಟರೆ ಏನೂ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಬುಟ್ಟಿಯನ್ನು ಅವರ ಕೈ ಎಟಕುತ್ತಿದ್ದ ಕಡೆ, ಅದೇ ಎತ್ತರಕ್ಕೆ ಹಿಡಿದು ಹೇಳಿದೆ.

"ಕಾಣಿ, ದುಡಿತಾ ಇತ್ತ್."