ಹಸಿರು ನೀರಿನ ಹಸಿವು

ಭಾನುವಾರ ಬೆಳಗ್ಗೆ ಹಿತ್ತಿಲ ಕಲ್ಲಿನ ಮೇಲೆ ಕಾಟ್ಲಾ ಮೀನು ಹೆಚ್ಚುತ್ತಿದ್ದ ನನ್ನ ಹೆಂಡತಿ, "ಏನ್ರೀ ಇದು, ಬರೀ ತಲೆ! ಮೈಯೇ ಇಲ್ಲ" ಎಂದು ಗೊಣಗಿದಾಗ ನಾನು ಪೇಪರಿನಿಂದ ಕಣ್ಣೆತ್ತಲಿಲ್ಲ. ಸೀಳಿ ನೋಡಿ, "ಹೊಟ್ಟೆ ತುಂಬ ಹಸ್ರು ಐತಲ್ಲ, ತಿಂದಿಲ್ಲ ಅನ್ನಂಗೂ ಇಲ್ಲ" ಎಂದಾಗ ಮಾತ್ರ ಎದ್ದು ಹೋದೆ. ಹೊಟ್ಟೆ ತುಂಬಿದ ಪ್ರಾಣಿ ಬಡಕಲಾಗುವುದು ಹೇಗೆ? ಮಧುಗಿರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿದವನಿಗೆ ಇಷ್ಟು ಗೊತ್ತಿರಬೇಕಲ್ಲವೆ? ಗೊತ್ತಿರಲಿಲ್ಲ, ಮಿತ್ರರೇ.

ಮೀನು ಕಳಿಸಿದವಳು ಐ.ಡಿ.ಹಳ್ಳಿಯ ಗಂಗಮ್ಮ, ನನ್ನ ಹಳೆಯ ಶಿಷ್ಯೆ. ಕಳೆದ ಮಳೆಗಾಲದಲ್ಲಿ ಹೊಲದ ಕೃಷಿಹೊಂಡ ತುಂಬಿದಾಗ, ಊರು ನಕ್ಕರೂ ಕೇಳದೆ ಮೀನುಮರಿ ತಂದು ಬಿಟ್ಟಳು. ಉಪಾಯ ಹೇಳಿಕೊಟ್ಟವನು ನಾನೇ. ಸಗಣಿಯನ್ನು ಗೋಣಿಚೀಲದಲ್ಲಿ ಕಟ್ಟಿ ನೀರಿಗೆ ಇಳಿಬಿಡು, ಕಣ್ಣಿಗೆ ಕಾಣದ ಸಣ್ಣ ಜೀವಗಳು ಹುಟ್ಟಿ ನೀರು ಹಸಿರಾಗುತ್ತದೆ. ಪುಸ್ತಕ ಅವನ್ನು ಪ್ಲವಕ ಎನ್ನುತ್ತದೆ, ಮೀನು ಅವನ್ನೇ ಅನ್ನ ಎನ್ನುತ್ತದೆ. ಕೈಯನ್ನು ಮೊಣಕೈವರೆಗೆ ಮುಳುಗಿಸು, ಅಂಗೈ ಕಾಣದಿದ್ದರೆ ಊಟವಿದೆ ಎಂದು ತಿಳಿ. ಅವಳು ದಿನಾ ಬೆಳಗ್ಗೆ ಬಳೆ ಮೇಲೆ ಸರಿಸಿ ಕೈ ಮುಳುಗಿಸುತ್ತಿದ್ದಳು.

ಮಾಗಿಯಲ್ಲಿ ಅವಳು ಕಳಿಸಿದ ಮೀನು ಕೊಬ್ಬಿತ್ತು. ನಿವೃತ್ತಿಯ ದಿನ ಮಕ್ಕಳು ಕೊಟ್ಟ ಸೂಕ್ಷ್ಮದರ್ಶಕದಲ್ಲಿ ಅದರ ಹೊಟ್ಟೆಯನ್ನು ಸುಮ್ಮನೆ ಕುತೂಹಲಕ್ಕೆ ನೋಡಿದ್ದೆ: ನೀರುಚಿಗಟವೆಂಬ ಸಣ್ಣ ಹುಳಗಳ ಮುರಿದ ಕಾಲು, ಮೊಟ್ಟೆ, ಚಿಪ್ಪು, ಒಂದು ಸಂತೆಯೇ ಇತ್ತು. ಈ ಭಾನುವಾರ ಮತ್ತೆ ಇಣುಕಿದೆ. ಬರೀ ಹಸಿರು ಮಣಿಗಳು, ಅದೂ ನುಂಗಿದ ಹಾಗೇ ಇಡಿಯಾಗಿ, ಒಂದೂ ಕರಗದೆ! ಬೇಸಿಗೆಯ ಬಿಸಿಲೇರಿದಂತೆ ಹೊಂಡದ ಅಡುಗೆಯೇ ಬದಲಾಗಿತ್ತು. ಹುಳ ಹೋಗಿ ಪಾಚಿ ಬಂದಿತ್ತು. ಬಾಯಿ ತೆರೆದು ಬಂದದ್ದನ್ನೆಲ್ಲ ಸೋಸಿ ನುಂಗುವ ಬಡಪಾಯಿ ಮೀನಿಗೆ ಆಯ್ಕೆಯೇ ಇರಲಿಲ್ಲ.

ಪುಷ್ಯದಲ್ಲಿ ಅವರೆಕಾಳಿನ ಸಾರು ಸುರಿದುಕೊಂಡು ಚೈತ್ರದಲ್ಲಿ ಹುರುಳಿಕಟ್ಟಿನ ಸಾರಿಗೆ ಮುಖ ಸಿಂಡರಿಸುವ ನಾನು, ಮೀನಿಗೂ ಋತುಮಾನದ ಊಟ ಇದ್ದೀತೆಂದು ಯಾಕೆ ಯೋಚಿಸಲಿಲ್ಲ? ಹಸಿರು ಎಷ್ಟಿದೆ ಎಂದು ಅಳೆಯಲು ಕಲಿಸಿದೆ, ಯಾವ ಹಸಿರು ಎಂದು ಕೇಳಲು ಕಲಿಸಲಿಲ್ಲ. ಅಥವಾ ಇದೂ ನನ್ನ ಊಹೆಯೋ? ಒಂದು ಮೀನಿನ ಒಂದು ಹೊಟ್ಟೆ ನೋಡಿ ಇಡೀ ಹೊಂಡದ ಬಗ್ಗೆ ತೀರ್ಪು ಕೊಡಬಹುದೆ? ತಲೆ ಕೆಟ್ಟು ಗೊಬ್ಬರವಾಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ನೆನಪಾಯಿತು. ಗುರುವಾರ ಗಂಗಮ್ಮ ಫೋನ್ ಮಾಡಿ, "ನೀರು ಯಾಕೋ ವಾಸ್ನೆ ಹೊಡೀತೈತೆ ಮೇಷ್ಟ್ರೇ, ಬೋರಿಂದ ವಸಿ ಹೊಸ ನೀರು ಬುಡ್ಲಾ?" ಎಂದು ಕೇಳಿದ್ದಳು. ಬೇಡ, ಹಸಿರು ತೆಳುವಾಗುತ್ತದೆ, ಇನ್ನೊಂದು ಬುಟ್ಟಿ ಸಗಣಿ ಹಾಕು ಎಂದಿದ್ದೆ, ಬಲು ಗತ್ತಿನಿಂದ.

ಸೋಮವಾರ ಮೊದಲ ಬಸ್ಸಿಗೆ ಹೋದೆ. ಎಳೆಬಿಸಿಲಲ್ಲಿ ಹೊಂಡದ ತುಂಬ ಮೀನಿನ ಬಾಯಿಗಳು, ತೆರೆದು ಮುಚ್ಚಿ, ತೆರೆದು ಮುಚ್ಚಿ. ಗಂಗಮ್ಮ ಸಗಣಿ ಬುಟ್ಟಿ ಹೊತ್ತು ನಿಂತಿದ್ದಳು.

"ಹಸ್ಕೊಂಡವೆ ಅನ್ಸುತ್ತೆ. ಹಾಕ್ಲಾ ಮೇಷ್ಟ್ರೇ?"

ಅನ್ನಕ್ಕೆ ಬಾಯಿಬಿಡುತ್ತಿದ್ದವೋ ಉಸಿರಿಗೋ? ಉಸಿರಿಗಾದರೆ ಆ ಬುಟ್ಟಿ ಅವಕ್ಕೆ ವಿಷ, ಕೊಳೆಯುವ ಸಗಣಿ ನೀರಿನಲ್ಲಿ ಉಳಿದ ಆಮ್ಲಜನಕವನ್ನೂ ಹೀರಿಬಿಡುತ್ತದೆ. ಹಸಿವಿಗಾದರೆ? ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

"ನಂಗೆ ಗೊತ್ತಿಲ್ಲ ಕಣಮ್ಮ" ಎಂದೆ. "ನಾನು ಹೇಳಿಕೊಟ್ಟಿದ್ದೇ ತಪ್ಪೇನೋ."

ಅವಳು ಬುಟ್ಟಿಯನ್ನು ಕೆಳಗಿಟ್ಟಳು. ಮೋಟಾರು ಹಾಕಿ, ಹಿಪ್ಪುನೇರಳೆಗೆ ಹೋಗುತ್ತಿದ್ದ ಪೈಪನ್ನು ಹೊಂಡಕ್ಕೆ ತಿರುಗಿಸಿದಳು. ನೀರು ಬಿದ್ದ ಕಡೆಗೆ ಮೀನುಗಳು ಒಂದರ ಮೇಲೊಂದು ನುಗ್ಗಿದವು. ಅಂಚಿನಲ್ಲಿ ನಾಲ್ಕು ಮಾತ್ರ ಕದಲದೆ ಬೆಳ್ಳಗೆ ತೇಲುತ್ತಿದ್ದವು. ಅವನ್ನು ಎತ್ತಿ ದಡಕ್ಕಿಡುತ್ತಾ ಅವಳೆಂದಳು:

"ಗೊತ್ತಿಲ್ಲ ಅಂತ ಗುರುವಾರಾನೇ ಅಂದಿದ್ರೆ, ಅವತ್ತೇ ನೀರು ಬುಡ್ತಿದ್ದೆ ಮೇಷ್ಟ್ರೇ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬಗ್ಗಿ ಸಗಣಿ ಬುಟ್ಟಿಯನ್ನು ಹೊಂಡದಿಂದ ದೂರ ಸರಿಸಿದೆ.