ಹಪ್ಪಳದ ಬಿಸಿಲು

ಮಲೆನಾಡಿನವರಿಗೆ ಬಿಸಿಲೇ ಕಡಿಮೆ, ಅದಕ್ಕೇ ಅಕ್ಕನ ಮೂಳೆಗೆ ಶಕ್ತಿಯಿಲ್ಲ. ಇದು ನಮ್ಮ ಮನೆಯಲ್ಲಿ ಕೇಳಿದವರಿಗೆಲ್ಲ ಹೇಳುವ ಕಾರಣ. ಒಪ್ಪೋಣ. ಹಾಗಾದರೆ ಹೊಸನಗರದ ಅದೇ ಮೋಡದಡಿ ಬೆಳೆದ ನಾನು, ಅಮ್ಮ ಎಲ್ಲ ನೆಟ್ಟಗೆ ಎದ್ದು ನಿಲ್ಲುತ್ತೇವಲ್ಲ, ಅಕ್ಕ ಮಾತ್ರ ಏಕೆ ಗೋಡೆ ಹಿಡಿದು ಏಳುತ್ತಾಳೆ? ಸಾಗರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳಿಗೆ ಇಂಥ ಸಡಿಲ ವಾದ ಕೇಳಿಕೊಂಡು ಸುಮ್ಮನಿರುವುದು ಕಷ್ಟ.

ಅಕ್ಕನಿಗೆ ಎಚ್‌ಐವಿ ಇದೆ. ಭಾವನಿಂದ ಬಂದದ್ದು, ಭಾವ ಈಗಿಲ್ಲ. ಮಾತ್ರೆ ತಪ್ಪಿಸುವುದಿಲ್ಲವಾದ್ದರಿಂದ ವೈರಸ್ ಹತೋಟಿಯಲ್ಲಿದೆ. ಈ ಬೇಸಗೆಯಲ್ಲಿ ಕಾಲುನೋವು ಹೆಚ್ಚಾಗಿ ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ತಳ ಕಂಡಿತ್ತು. ಎಚ್‌ಐವಿ ಇರುವವರಲ್ಲಿ ಇದು ಸಾಮಾನ್ಯ, ಕೆಲವು ಮಾತ್ರೆಗಳೂ ಅದನ್ನು ಇಳಿಸುತ್ತವೆ, ಹಾಗಂತ ಮಾತ್ರೆ ಬಿಡಬೇಡಿ ಎಂದ ಡಾಕ್ಟರ್, ಬಿಸಿಲಿಗೆ ಹೋಗ್ತೀರಾ ಎಂದು ಕೇಳಿದರು.

ಅಕ್ಕ ನನ್ನ ಮುಖ ನೋಡಿದಳು. "ಮೊದ್ಲು ಹಪ್ಪಳಕ್ಕೆ ಹೋಗ್ತಿದ್ದೆ" ಎಂದಳು.

ಪ್ರತಿ ಬೇಸಗೆಯಲ್ಲೂ ಅರಳಸುರಳಿಯ ದೊಡ್ಡಮ್ಮನ ಅಂಗಳದಲ್ಲಿ ನೆಂಟರ ಹೆಂಗಸರೆಲ್ಲ ಸೇರಿ ಹಲಸಿನ ಹಪ್ಪಳ ಒತ್ತುತ್ತಾರೆ. ಚಾಪೆಯ ಪಕ್ಕ ಕೋಲು ಹಿಡಿದು ಕೂತು ಕಾಗೆ ಓಡಿಸುವುದು ಅಕ್ಕನ ಕೆಲಸವಾಗಿತ್ತು. ಹಪ್ಪಳಕ್ಕಿಂತ ಇವಳೇ ಮೊದಲು ಒಣಗುತ್ತಾಳೆ ಎಂದು ಎಲ್ಲರೂ ನಗುತ್ತಿದ್ದರು. ಭಾವ ಹೋದ ಮೇಲೆ ಅಕ್ಕ ತವರಿಗೆ ಬಂದಳು, ಹಪ್ಪಳದ ಕರೆ ನಿಂತಿತು. ಪಾಪ, ಮನೆಯಲ್ಲೇ ಸುಧಾರಿಸಿಕೊಳ್ಳಲಿ ಎಂದು ದೊಡ್ಡಮ್ಮ ಅಂದಳಂತೆ. ಹಾಗೆಂದು ಅಮ್ಮನೇ ಹೇಳಿದ್ದು. ಅಂದಿನಿಂದ ಅಕ್ಕ ಒಳಕೋಣೆಯ ಹೊಲಿಗೆ ಮಿಷನ್ನಿಗೆ ಅಂಟಿಕೊಂಡಳು. ಕಾಯಿಲೆಗೆ ಹೆದರಿ ಕರೆಯುತ್ತಿಲ್ಲವೆಂದು ನಾನೂ ಅಮ್ಮನೂ ಸೇರಿ ದೊಡ್ಡಮ್ಮನನ್ನು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಡಾಕ್ಟರ್ ಹತ್ತಿರ ಹೋಗಿ ಬಂದ ಮೇಲೆ ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಅರಳಸುರಳಿಗೆ ಹೋದೆ. ಹಿಟ್ಟು ಮುಟ್ಟಿದರೆ, ಜೊತೆಗೆ ಕೂತರೆ ಎಚ್‌ಐವಿ ಅಂಟುವುದಿಲ್ಲ ಎಂಬುದಕ್ಕೆ ಒಂದೊಂದೇ ಅಂಶ ಜೋಡಿಸಿ ಮಂಡಿಸಿದೆ. ದೊಡ್ಡಮ್ಮ ಹಪ್ಪಳ ಮಗುಚುತ್ತಲೇ ಕೇಳಿಸಿಕೊಂಡಳು.

"ಮುಗೀತಾ ನಿನ್ನ ಭಾಷಣ? ಬ್ಯಾಡ ಅಂದಿದ್ದು ನಾನಲ್ಲ ಮಾರಾಯ್ತಿ. ಕಾಯಿಲೆ ಸುದ್ದಿ ಹೇಳಿದ್ದೂ ನಿಮ್ಮಮ್ಮನೇ, ಅವ್ಳನ್ನ ಕರೀಬ್ಯಾಡ ಅಂದಿದ್ದೂ ನಿಮ್ಮಮ್ಮನೇ. ಕರದ್ರೆ ಬಂದ್ಬಿಡ್ತಾಳೆ ಅಂದ್ಲು. ಈಗ ನೋಡು, ಕಾಗೆ ಓಡ್ಸಕ್ಕೆ ಜನ ಇಲ್ದೆ ನಾನೇ ಕೂತಿದೀನಿ."

ಎದುರಾಳಿ ಯಾರೆಂದೇ ತಿಳಿಯದೆ ಇಷ್ಟು ವರ್ಷ ವಾದಿಸಿದ್ದೆ. ಅದೂ ಎದುರಾಳಿಯ ಪಕ್ಕದಲ್ಲೇ ಕೂತು, ಅವಳು ಬಡಿಸಿದ್ದನ್ನು ಉಣ್ಣುತ್ತ.

ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು, ನಮ್ಮೂರಲ್ಲಿ ಬಿಸಿಲೆಲ್ಲಿದೆ, ಅದಕ್ಕೇ ದೊಡ್ಡವಳಿಗೆ ಕಾಲುನೋವು ಎಂದು. ಅವಳೆದುರಿನ ಅಂಗಳದಲ್ಲಿ ಮೆಣಸಿನಕಾಯಿ ಗರಿಗರಿಯಾಗಿ ಒಣಗಿತ್ತು. ಒಳಗೆ ಹೊಲಿಗೆ ಮಿಷನ್ ಓಡುತ್ತಿತ್ತು. ಪಕ್ಕದ ಮನೆಯಾಕೆ ಹೋಗುವವರೆಗೆ ಕಾದು ಕೇಳಿದೆ:

"ಅಮ್ಮ, ದೊಡ್ಡಮ್ಮಂಗೆ ಕರೀಬ್ಯಾಡ ಅಂದಾಗ ನಿಂಗೆ ಹೆದರಿಕೆ ಆಗಿದ್ದು ಊರವ್ರ ಬಾಯಿಗಾ, ಹಿಟ್ಟು ಮುಟ್ಟೋ ಅಕ್ಕನ ಕೈಗಾ?"